ದೇಶವ್ರತದ ಗಡಿಯೂ ಗಡಿ ದಾಟುವ ಧ್ವನಿಯೂ

2019ನೆಯ ಇಸವಿಯ ಮೇ 15ರಂದು ಪ್ಯಾರಿಸ್ ನಗರದಲ್ಲಿ ಒಂದು ಸಮ್ಮೇಳನ ನೆರೆಯಿತು. ನ್ಯೂಜಿಲೆಂಡಿನ ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಅವರೂ ಫ್ರಾನ್ಸಿನ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರಾನ್ ಅವರೂ ಅದನ್ನು ಕರೆದಿದ್ದರು. ಹಲವು ರಾಷ್ಟ್ರಗಳ ನಾಯಕರೂ, ಫೇಸ್‌ಬುಕ್, ಗೂಗಲ್, ಟ್ವಿಟರ್, ಮೈಕ್ರೋಸಾಫ್ಟ್ ಮೊದಲಾದ ಸಂಸ್ಥೆಗಳ ಪ್ರತಿನಿಧಿಗಳೂ ಅಲ್ಲಿ ಸೇರಿ, ಸಾಮಾಜಿಕ ಜಾಲತಾಣಗಳ ಮೂಲಕ ಹಿಂಸೆಯ ಪ್ರಚಾರ ನಡೆಯದಂತೆ ತಡೆಯುವೆವೆಂದು ಒಂದು ಪ್ರತಿಜ್ಞಾಪತ್ರಕ್ಕೆ ಒಪ್ಪಿಗೆಯಿತ್ತರು. ಅದಕ್ಕೆ ‘ಕ್ರೈಸ್ಟ್‌ಚರ್ಚ್ ಕರೆ’ ಎಂದು ಹೆಸರು. ಭಾರತವೂ ಅದಕ್ಕೆ ಸಮ್ಮತಿ ಸೂಚಿಸಿತು.

ವ್ರತೋಪವಾಸಗಳನ್ನು ಕುರಿತ ಪತ್ರಿಕೆಯಲ್ಲಿ ಪ್ಯಾರಿಸ್ಸಿನ ಸಭೆಯ ಮಾತೇಕೆ ಎಂದು ಧರ್ಮಬಂಧುಗಳು ಕೇಳಬಹುದು. ಪ್ರತಿಜ್ಞೆ ಎಂಬ ಶಬ್ದ ಎಲ್ಲಿ ಬಂದರೂ ಅದು ಶ್ರಾವಕನಿಗೆ ಹೊರಗಿನ ಮಾತಲ್ಲ. ಯಾರು, ಯಾವುದನ್ನು, ಎಷ್ಟು ಕಾಲ, ಯಾವ ಎಲ್ಲೆಯೊಳಗೆ ಬಿಡುವರು ಎಂದು ವಿಚಾರಿಸುವುದು ನಮ್ಮ ಆಚಾರ್ಯರ ಹಳೆಯ ಅಭ್ಯಾಸ. ಪ್ಯಾರಿಸ್ಸಿನ ಪ್ರತಿಜ್ಞೆಯನ್ನು ಆ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಕಲಿಯತಕ್ಕದ್ದು ಸ್ವಲ್ಪವಿದೆ.

ಮೊದಲು ಸಭೆಯ ಕಾರಣವನ್ನು ಹೇಳಬೇಕು. ಅದೇ ವರ್ಷದ ಮಾರ್ಚ್ 15ರ ಶುಕ್ರವಾರ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಪ್ರಾರ್ಥನೆಗೆ ಬಂದಿದ್ದವರ ಮೇಲೆ ಒಬ್ಬನು ಗುಂಡು ಹಾರಿಸಿದನು. ಒಟ್ಟು 51 ಮಂದಿ ಪ್ರಾಣ ಕಳೆದುಕೊಂಡರು. ಕೊಲೆಗಾರನು ತನ್ನ ಕೃತ್ಯವನ್ನು 17 ನಿಮಿಷಗಳ ಕಾಲ ಫೇಸ್‌ಬುಕ್ಕಿನಲ್ಲಿ ನೇರಪ್ರಸಾರ ಮಾಡಿದ್ದನು. ಆ ಸಂಸ್ಥೆಯೇ ಬಳಿಕ ಕೊಟ್ಟ ಲೆಕ್ಕದಂತೆ, ಪ್ರಸಾರ ನಡೆಯುತ್ತಿದ್ದಾಗ ನೋಡುತ್ತಿದ್ದವರು 200ಕ್ಕಿಂತ ಕಡಿಮೆ ಮಂದಿ. ಅವರಲ್ಲಿ ಒಬ್ಬರೂ ಆ ಹೊತ್ತಿನಲ್ಲಿ ಸಂಸ್ಥೆಗೆ ದೂರು ಕೊಡಲಿಲ್ಲ. ಮೊದಲ ದೂರು ಬಂದದ್ದು ಪ್ರಸಾರ ಮುಗಿದ 12 ನಿಮಿಷಗಳ ಮೇಲೆ. ಆದರೆ ಮುಂದಿನ 24 ಗಂಟೆಗಳಲ್ಲಿ ಆ ದೃಶ್ಯದ 15 ಲಕ್ಷ ಪ್ರತಿಗಳನ್ನು ಸಂಸ್ಥೆ ತೆಗೆದುಹಾಕಬೇಕಾಯಿತು; ಅವುಗಳಲ್ಲಿ 12 ಲಕ್ಷಕ್ಕೂ ಮಿಕ್ಕವನ್ನು ಜನ ಏರಿಸುತ್ತಿದ್ದಾಗಲೇ ತಡೆಯಲಾಯಿತು.

ಕೊಂದವನು ಒಬ್ಬ. ಸುಮ್ಮನೆ ನೋಡಿದವರು ಇನ್ನೂರರೊಳಗೆ. ಹಂಚಲು ಹೊರಟ ಕೈಗಳಿಂದ ಒಂದೇ ಹಗಲಿರುಳಿನಲ್ಲಿ ಹುಟ್ಟಿದ ಪ್ರತಿಗಳು ಲಕ್ಷ ಲಕ್ಷ. ಪ್ಯಾರಿಸ್ಸಿನ ಪ್ರತಿಜ್ಞೆಯಲ್ಲಿ ಸರ್ಕಾರಗಳ ಕರ್ತವ್ಯವಿದೆ, ಸಂಸ್ಥೆಗಳ ಕರ್ತವ್ಯವಿದೆ, ಇಬ್ಬರೂ ಕೂಡಿ ಮಾಡಬೇಕಾದ ಕರ್ತವ್ಯವೂ ಇದೆ. ಹಂಚಿದ ಆ ಕೈಗಳ ಒಡೆಯರು ಯಾವ ಪ್ರತಿಜ್ಞೆಯನ್ನೂ ಮಾಡಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲ. ಇದು ಸಭೆಯ ದೋಷವೆಂದು ಹೇಳುವುದಕ್ಕಾಗದು. ರಾಜಶಾಸನವು ಕಂಪೆನಿಯನ್ನು ಕಟ್ಟಿಹಾಕಬಲ್ಲುದು. ಮನೆಯ ಜಗಲಿಯಲ್ಲಿ ಕುಳಿತವನ ಹೆಬ್ಬೆರಳನ್ನು ಕಟ್ಟಿಹಾಕುವುದು ಅದಕ್ಕೆ ಸಾಧ್ಯವಿಲ್ಲ. ಅಲ್ಲಿ ವ್ರತಕ್ಕೆ ಮಾತ್ರ ಪ್ರವೇಶ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆಸ್ರವದ ಅಧಿಕರಣಗಳನ್ನು ಎರಡಾಗಿ ವಿಂಗಡಿಸಿದ್ದಾರೆ: ಜೀವ, ಅಜೀವ. ಯಂತ್ರ, ಆಯುಧ, ಇಟ್ಟ ವಸ್ತು, ಕೂಡಿಸಿದ ವಸ್ತು ಇವೆಲ್ಲ ಅಜೀವದ ಕಡೆಗೆ ಸೇರತಕ್ಕವು. ಪ್ಯಾರಿಸ್ಸಿನಲ್ಲಿ ನಡೆದ ಚರ್ಚೆ ಬಹುಮಟ್ಟಿಗೆ ಈ ಅಜೀವಾಧಿಕರಣದ ಚರ್ಚೆ. ಯಂತ್ರವು ಯಾವ ದೃಶ್ಯವನ್ನು ಮುಂದಕ್ಕೆ ತಳ್ಳಬೇಕು, ಯಾವುದನ್ನು ತಡೆಯಬೇಕು ಎಂಬುದು ಅದರ ವಿಷಯ. ಅದು ಬೇಕಾದದ್ದೇ. ಆಚಾರ್ಯರಾದರೋ ಜೀವಾಧಿಕರಣವನ್ನು ಮೊದಲು ಎತ್ತಿಕೊಂಡು, ಅದರ ಬಾಗಿಲುಗಳನ್ನು ಒಂದೊಂದಾಗಿ ಎಣಿಸಿದರು. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನಸ್ಸು, ವಚನ, ಕಾಯ ಎಂದು ಮೂರು. ಕೃತ, ಕಾರಿತ, ಅನುಮತ ಎಂದು ಮೂರು. ಕ್ರೋಧಾದಿ ಕಷಾಯಗಳು ನಾಲ್ಕು. ಗುಣಿಸಿದರೆ 108. ಜಪಸರದ ಮಣಿಗಳಿಗೆ ಹಿರಿಯರು ಈ ಲೆಕ್ಕವನ್ನು ಹೇಳುವುದುಂಟು. ಮಣಿ ಎಣಿಸುವ ಬೆರಳಿಗೂ ಫೋನಿನ ಗಾಜನ್ನು ತೀಡುವ ಬೆರಳಿಗೂ ಇರುವ ನಂಟನ್ನು ಯೋಚಿಸಿದವರು ಕಡಿಮೆ.

ಈ 108ರಲ್ಲಿ ಸ್ವತಃ ಮಾಡಿದ್ದರ ಪಾಲು 36 ಮಾತ್ರ. ಮಾಡಿಸಿದ್ದರದು 36, ಒಪ್ಪಿದ್ದರದು 36. ತಾನೇ ಬರೆಯಲಿಲ್ಲ, ಬಂದದ್ದನ್ನು ಕಳುಹಿಸಿದೆನಷ್ಟೆ ಎನ್ನುವವನು ಮೊದಲಿನ ಮೂರನೆಯ ಒಂದು ಪಾಲಿನಿಂದ ತಪ್ಪಿಸಿಕೊಂಡಂತಾಯಿತು; ಉಳಿದ ಎರಡು ಪಾಲು ಹಾಗೆಯೇ ಇವೆ. ಫೇಸ್‌ಬುಕ್ಕಿನಲ್ಲಿ ಮೆಚ್ಚುಗೆಯ ಗುಂಡಿ ಬಂದದ್ದು 2009ರಲ್ಲಿ. ಅನುಮತಕ್ಕೆ ಒಂದು ಗುಂಡಿಯನ್ನೇ ಮಾಡಿಟ್ಟ ಕಾಲ ಇದು. ಹಿಂದೆ ಅನುಮೋದನೆ ಮನಸ್ಸಿನೊಳಗೆ ನಡೆದು ಅಲ್ಲಿಯೇ ಉಳಿಯುತ್ತಿತ್ತು. ಈಗ ಅದು ಎಣಿಕೆಗೆ ಸಿಕ್ಕುತ್ತದೆ. ಎಣಿಕೆಯನ್ನು ಕಂಡು ಯಂತ್ರವು ಆ ದೃಶ್ಯವನ್ನು ಇನ್ನಷ್ಟು ಜನರಿಗೆ ತೋರಿಸುತ್ತದೆ. ಅನುಮತವೇ ಕಾರಿತವಾಗುವ ವಿಚಿತ್ರ ಇದು.

ಹಾಗಾದರೆ ಆ ದೃಶ್ಯವನ್ನು ಹಂಚಿದವರೆಲ್ಲರೂ ಕೊಲೆಗಾರನಷ್ಟೇ ಪಾಪಿಗಳೆ? ಹಾಗೆಂದರೆ ಸಿದ್ಧಾಂತಕ್ಕೆ ಅಪಚಾರವಾದೀತು. ಕೆಲವರು ದ್ವೇಷದಿಂದ ಹಂಚಿರಬಹುದು, ಕೆಲವರು ಕುತೂಹಲದಿಂದ, ಮತ್ತೆ ಕೆಲವರು ಮರುಕದಿಂದ. ತೀವ್ರಭಾವ, ಮಂದಭಾವ, ಜ್ಞಾತಭಾವ, ಅಜ್ಞಾತಭಾವ ಇವುಗಳಿಂದ ಆಸ್ರವದಲ್ಲಿ ಭೇದವಾಗುತ್ತದೆಂದು ಅದೇ ಅಧ್ಯಾಯ ಹೇಳುತ್ತದೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ನೋಡಿದ್ದಾರೆ. ಒಬ್ಬನ ಹಿಂಸೆಗೆ ಹಲವರು ಫಲಭಾಗಿಗಳಾಗುವುದುಂಟು, ಹಲವರ ಹಿಂಸೆಗೆ ಒಬ್ಬನೇ ಫಲಭಾಗಿಯಾಗುವುದೂ ಉಂಟು ಎಂಬುದು ಅವರ ನಿರ್ಣಯ. ಸಾವಿರ ವರ್ಷಗಳ ಹಿಂದಿನ ಆ ಮುನಿಗಳ ಕಣ್ಣೆದುರಿಗೆ ಯಾವ ಯಂತ್ರವಿತ್ತು? ಒಬ್ಬನ ಕೃತ್ಯಕ್ಕೆ 15 ಲಕ್ಷ ಪ್ರತಿಗಳು ಹುಟ್ಟುವ ಕಾಲವನ್ನು ಅವರು ಕಾಣಲಿಲ್ಲ. ಕಂಡಿದ್ದರೂ ತಮ್ಮ ಮಾತಿನ ಒಂದಕ್ಷರವನ್ನು ಬದಲಿಸಬೇಕಾಗುತ್ತಿರಲಿಲ್ಲ.

ಮರುಕದಿಂದ ಹಂಚಿದವನ ವಿಷಯ ನಿಜವಾಗಿಯೂ ಕಠಿಣ. ಜನರು ಎಚ್ಚರಗೊಳ್ಳಲಿ ಎಂಬುದು ಅವನ ಭಾವ. ಭಾವ ಶುಭವಿದ್ದರೂ ಯೋಗ ಪ್ರಮತ್ತವಾಗಿರಬಹುದು. ತಂದೆಯನ್ನೋ ಮಗನನ್ನೋ ಕಳೆದುಕೊಂಡ ಮನೆಯವರಿಗೆ ಆ ದೃಶ್ಯ ಕಣ್ಣಿಗೆ ಬಿದ್ದರೆ ಏನಾದೀತೆಂದು ಅವನು ನೋಡಲಿಲ್ಲ. ಅಜೀವಾಧಿಕರಣದ ನಿಕ್ಷೇಪವನ್ನು ವಿವರಿಸುವಾಗ ಪೂಜ್ಯಪಾದರು ನಾಲ್ಕು ಭೇದಗಳನ್ನು ಹೇಳಿದ್ದಾರೆ; ಅವುಗಳಲ್ಲಿ ನೋಡದೆ ಇಡುವುದು ಒಂದು, ಆತುರದಿಂದ ಇಡುವುದು ಇನ್ನೊಂದು. ಬಿಂದಿಗೆಯನ್ನು ನೆಲಕ್ಕಿಡುವಾಗ ಇರುವೆಯಿದೆಯೇ ಎಂದು ನೋಡುವ ಮನೆತನಗಳಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಬಿಂದಿಗೆಗೆ ತೋರಿಸುವ ಎಚ್ಚರವನ್ನು ಸಂದೇಶಕ್ಕೆ ಏಕೆ ತೋರಿಸುವುದಿಲ್ಲ ಎಂಬುದೊಂದೇ ಪ್ರಶ್ನೆ.

ಇಲ್ಲಿ ಜಸಿಂಡಾ ಆರ್ಡರ್ನ್ ಅವರ ಒಂದು ನಡೆಯನ್ನು ನೆನೆಯಬೇಕು. ಘಟನೆಯಾದ ನಾಲ್ಕನೆಯ ದಿನ, ಮಾರ್ಚ್ 19ರಂದು, ಅವರು ತಮ್ಮ ಸಂಸತ್ತಿನಲ್ಲಿ ಕೊಲೆಗಾರನ ಹೆಸರನ್ನು ತಾವೆಂದೂ ಉಚ್ಚರಿಸುವುದಿಲ್ಲವೆಂದು ಸಾರಿದರು. ಪ್ಯಾರಿಸ್ಸಿನ ದೀರ್ಘ ಪತ್ರಕ್ಕಿಂತ ಈ ಸಣ್ಣ ನಿಯಮವೇ ವ್ರತಕ್ಕೆ ಹೆಚ್ಚು ಹತ್ತಿರವಾದುದು. ಬಿಡುವ ವಸ್ತು ಒಂದೇ, ಒಂದು ಹೆಸರು. ಬಿಡುವವರು ತಾವೇ. ಅವಧಿ ಜೀವನಪರ್ಯಂತ. ಕೀರ್ತಿಯನ್ನು ಬಯಸಿ ಕೊಂದವನಿಗೆ ಆಹಾರವನ್ನು ನಿಲ್ಲಿಸಿದ ಹಾಗಾಯಿತು. ವಾಗ್ಗುಪ್ತಿಯ ಒಂದು ಅಂಶವನ್ನು ಅನ್ಯದೇಶದ ಮಹಿಳೆಯೊಬ್ಬರು ರಾಜ್ಯಸಭೆಯ ನಡುವೆ ಪಾಲಿಸಿದ್ದು ಗೌರವಿಸತಕ್ಕ ವಿಷಯ.

ಇನ್ನು ದೇಶವ್ರತದ ವಿಚಾರ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಇದರಷ್ಟು ಉಪೇಕ್ಷೆಗೆ ಗುರಿಯಾದದ್ದು ಬೇರೊಂದಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಅದು ದಿಗ್ವ್ರತದ ಬೆನ್ನಿಗೇ ಬರುತ್ತದೆ. ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಮೊದಲನೆಯ ಸ್ಥಾನವನ್ನು ಕೊಟ್ಟಿದ್ದಾರೆ. ಜೀವಮಾನಕ್ಕೆಂದು ಮಾಡಿಕೊಂಡ ದಿಕ್ಕುಗಳ ಮರ್ಯಾದೆಯನ್ನು ಒಂದು ದಿನಕ್ಕೋ ಪಕ್ಷಕ್ಕೋ ತಿಂಗಳಿಗೋ ಇನ್ನೂ ಕುಗ್ಗಿಸಿ, ಈ ಮನೆ, ಈ ಓಣಿ, ಈ ಹೊಲ, ಈ ಹೊಳೆಯ ದಡ, ಇದರಾಚೆಗೆ ಇಲ್ಲ ಎಂದು ನಿಲ್ಲುವುದು ಅದರ ಸ್ವರೂಪ. ಎಲ್ಲೆಯಾಚೆಗಿನ ಸ್ಥೂಲಸೂಕ್ಷ್ಮ ಪಾಪಗಳೆಲ್ಲ ಬಿಟ್ಟುಹೋಗುವುದರಿಂದ, ಆ ಪ್ರದೇಶದ ಮಟ್ಟಿಗೆ ಗೃಹಸ್ಥನಿಗೂ ಮಹಾವ್ರತವೇ ಸಿದ್ಧಿಸಿದಂತೆ ಎಂದು ಸ್ವಾಮಿಗಳು ಹೇಳುತ್ತಾರೆ.

ಈ ವ್ರತಕ್ಕೆ ಅತಿಚಾರಗಳು ಐದು: ಆನಯನ, ಪ್ರೇಷ್ಯಪ್ರಯೋಗ, ಶಬ್ದಾನುಪಾತ, ರೂಪಾನುಪಾತ, ಪುದ್ಗಲಕ್ಷೇಪ. ಎಲ್ಲೆಯೊಳಗೆ ಕುಳಿತು ಹೊರಗಿನದನ್ನು ತಾ ಎನ್ನುವುದು ಆನಯನ. ತಾನು ಹೋಗದೆ ಆಳನ್ನು ಕಳುಹಿಸುವುದು ಪ್ರೇಷ್ಯಪ್ರಯೋಗ. ಹೊರಗೆ ಕೆಲಸಮಾಡುವವರಿಗೆ ತಿಳಿಯಲೆಂದು ಕೆಮ್ಮುವುದು ಶಬ್ದಾನುಪಾತ. ಮಾತಾಡದೆ ತನ್ನ ಆಕಾರವನ್ನು ತೋರಿಸುವುದು ರೂಪಾನುಪಾತ. ಅದೂ ಆಗದಿದ್ದರೆ ಹೆಂಟೆಯೊಂದನ್ನು ಎಸೆಯುವುದು ಪುದ್ಗಲಕ್ಷೇಪ. ಪಾಠಶಾಲೆಯ ಹುಡುಗರು ಇದನ್ನು ಕೇಳಿ ನಗುವುದುಂಟು. ಬಾಗಿಲಲ್ಲಿ ನಿಂತು ಕೆಮ್ಮುವ ಯಜಮಾನನ ಚಿತ್ರ ನಗೆ ತರಿಸುವಂಥದ್ದೇ ಸರಿ. ಆದರೆ ಆಚಾರ್ಯರು ಮನುಷ್ಯನ ಕಳ್ಳಮನಸ್ಸನ್ನು ಎಷ್ಟು ಬಲ್ಲವರೆಂಬುದು ಈ ಸೂತ್ರದಲ್ಲಿ ಕಾಣುತ್ತದೆ. ಶರೀರವನ್ನು ಗೆರೆಯೊಳಗಿಟ್ಟು ಇಚ್ಛೆಯನ್ನು ಗೆರೆಯಾಚೆ ಕಳುಹಿಸುವ ಉಪಾಯಗಳನ್ನು ಅವರು ಹುಡುಕಿ ಹುಡುಕಿ ಪಟ್ಟಿಮಾಡಿದರು. ಆ ಐದೂ ಉಪಾಯಗಳನ್ನು ಒಂದೇ ಸಂಪುಟದಲ್ಲಿ ಅಡಕಮಾಡಿ ಅಂಗೈಗೆ ಕೊಟ್ಟಂತಿದೆ ಇಂದಿನ ಫೋನು. ಬೇಕಾದುದನ್ನು ತರಿಸುತ್ತದೆ, ತನ್ನ ಪರವಾಗಿ ಇನ್ನೊಬ್ಬನನ್ನು ಓಡಿಸುತ್ತದೆ, ಧ್ವನಿಯನ್ನು ಒಯ್ಯುತ್ತದೆ, ರೂಪವನ್ನು ತೋರಿಸುತ್ತದೆ. ಕಲ್ಲೆಸೆಯುವುದಂತೂ ಅಲ್ಲಿ ನಿತ್ಯದ ಕೆಲಸ.

ಕಲ್ಲು ಎಂಬುದು ಅಲಂಕಾರದ ಮಾತಲ್ಲ. 2018ರ ಜುಲೈ 13ರಂದು ನಮ್ಮ ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ ನಡೆದುದನ್ನು ಮರೆಯಲಾಗದು. ಹೈದರಾಬಾದಿನ ಕಡೆಯಿಂದ ಬಂದ ಕೆಲವರು ದಾರಿಯ ಒಂದೂರಿನಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಶಂಕೆ ಹುಟ್ಟಿತು. ಆ ಶಂಕೆ ವಾಟ್ಸಾಪಿನಲ್ಲಿ ಅವರ ವಾಹನಕ್ಕಿಂತ ಮುಂಚೆಯೇ ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ಜನ ದಾರಿಗಟ್ಟಿ ಹೊಡೆದರು. ತರುಣ ಎಂಜಿನಿಯರೊಬ್ಬರು ಅಸುನೀಗಿದರು. ಸಂದೇಶ ಕಳುಹಿಸಿದವನು ತನ್ನ ಊರಿನ ಎಲ್ಲೆಯನ್ನು ದಾಟಬೇಕಾಗಿರಲಿಲ್ಲ. ಅವನ ಶಬ್ದ ದಾಟಿತು, ರೂಪ ದಾಟಿತು. ಬೇರೆ ಊರಿನ ಕೈಗಳು ಉಳಿದದ್ದನ್ನು ಮಾಡಿದವು. ಅದೇ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೆ ಕಳುಹಿಸಬಹುದೆಂದು ಮಿತಿ ಹಾಕಿತು. 2019ರಲ್ಲಿ ಆ ಮಿತಿ ಲೋಕಕ್ಕೆಲ್ಲ ಬಂತು. 2020ರಲ್ಲಿ ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಒಂದೇ ಕಡೆ ಎಂದಾಯಿತು. ಪರಿಮಾಣವ್ರತವನ್ನು ಯಂತ್ರಕ್ಕೆ ಕೊಟ್ಟ ಹಾಗಾಯಿತು. ಯಂತ್ರ ಅದನ್ನು ತಪ್ಪದೆ ಪಾಲಿಸುತ್ತದೆ. ಆದರೆ ಪಾಲಿಸಿದ್ದಕ್ಕೆ ಅದಕ್ಕೆ ನಿರ್ಜರೆಯೇನೂ ಆಗದು. ಮನುಷ್ಯನಿಗಂತೂ ಆಗುವುದೇ ಇಲ್ಲ, ಏಕೆಂದರೆ ಬಿಟ್ಟವನು ಅವನಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. 2020ರಲ್ಲಿ ಮಹಾಮಾರಿಯಿಂದ ಬಸದಿಗಳ ಬಾಗಿಲು ಮುಚ್ಚಿದ್ದಾಗ, ಮನೆಯ ಮೂಲೆಯಲ್ಲಿ ಕುಳಿತ ವೃದ್ಧರು ಮುನಿಮಹಾರಾಜರ ಪ್ರವಚನವನ್ನು ಕೇಳಿದ್ದು ಇದೇ ಫೋನಿನಿಂದ. ಅಭಿಷೇಕವನ್ನು ಕಂಡು ಕೈಮುಗಿದದ್ದೂ ಇದರಲ್ಲಿಯೇ. ಉಪವಾಸದ ದಿನ ಧರ್ಮಾಮೃತವನ್ನು ಕಿವಿಗಳಿಂದ ಕುಡಿಯಬೇಕು, ಇತರರಿಗೂ ಕುಡಿಸಬೇಕು ಎಂದು ಸಮಂತಭದ್ರಸ್ವಾಮಿಗಳೇ ವಿಧಿಸಿದ್ದಾರಲ್ಲ ಎಂದು ಕೇಳಿದರೆ, ಹೌದು, ವಿಧಿಸಿದ್ದಾರೆ. ಆದುದರಿಂದ ಫೋನೇ ಪಾಪವೆಂಬ ಮಾತು ನಿಲ್ಲದು. ಪೂಜ್ಯಪಾದರ ವ್ಯಾಖ್ಯಾನವನ್ನು ಗಮನವಿಟ್ಟು ಓದಿದರೆ, ಕೆಮ್ಮು ಅತಿಚಾರವಾದದ್ದು ಅದು ಕೆಮ್ಮಾದುದರಿಂದಲ್ಲ, ಹೊರಗಿನ ಕೆಲಸಗಾರರನ್ನು ಕುರಿತು ಕೆಮ್ಮಿದುದರಿಂದ ಎಂದು ತಿಳಿಯುತ್ತದೆ. ಪ್ರವಚನ ಕೇಳುವವನು ಗೆರೆಯಾಚೆ ಏನನ್ನೂ ನಡೆಸುತ್ತಿಲ್ಲ. ಆದರೆ ಪ್ರವಚನ ಮುಗಿದೊಡನೆ ಯಂತ್ರ ತಾನಾಗಿ ಇನ್ನೊಂದು ದೃಶ್ಯವನ್ನು ತಂದಿಡುತ್ತದೆ, ಅದರ ಬೆನ್ನಿಗೆ ಮತ್ತೊಂದು. ಧರ್ಮಾಮೃತ ಎಲ್ಲಿ ಮುಗಿಯಿತು, ದುಃಶ್ರುತಿ ಎಲ್ಲಿ ಮೊದಲಾಯಿತು ಎಂದು ಬೆರಳಿಗೆ ತಿಳಿಯುವುದಿಲ್ಲ. ಅಲ್ಲಿ ಗೆರೆಯನ್ನು ಎಳೆಯಬೇಕಾದವನು ಕೇಳುಗನೇ.

ಉಪವಾಸ ಶಬ್ದಕ್ಕೆ ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ಅರ್ಥ ಇಲ್ಲಿ ನೆನಪಾಗತಕ್ಕದ್ದು. ಶಬ್ದವೇ ಮೊದಲಾದ ವಿಷಯಗಳ ಉತ್ಸುಕತೆಯನ್ನು ಬಿಟ್ಟು ಐದು ಇಂದ್ರಿಯಗಳೂ ಒಳಗೆ ಬಂದು ನೆಲಸುವುದು ಉಪವಾಸ. ಅನ್ನವನ್ನು ಬಿಟ್ಟದ್ದು ನಾಲಗೆಯೊಂದರ ಮಾತು. ಹದಿನಾರು ಪ್ರಹರ ಜಲವನ್ನೂ ಮುಟ್ಟದ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಬಹುದು. ಅನಂತ ಚತುರ್ದಶಿಯ ಬೆಳಿಗ್ಗೆ ಮಗನು ಪ್ರೀತಿಯಿಂದ ಅವಳ ಚಿತ್ರ ತೆಗೆದು, ಅಮ್ಮನಿಗೆ ಇಂದು ಹತ್ತನೆಯ ಉಪವಾಸ ಎಂದು ಬಂಧುಗಳ ಗುಂಪಿಗೆ ಹಾಕುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಮುಗಿದ ಕೈಗಳ ಚಿತ್ರಗಳು ಎಪ್ಪತ್ತು ಬಂದಿವೆ. ಬೀಗರ ಮನೆಯಿಂದ ಬಂದಿಲ್ಲ. ಸಂಜೆಯ ಪ್ರತಿಕ್ರಮಣದಲ್ಲಿ ಆಕೆಯ ಮನಸ್ಸು ಎಲ್ಲಿ ನಿಂತಿರುತ್ತದೆ? ಮಗನ ಪ್ರೀತಿ ತಪ್ಪಲ್ಲ, ನೋಡಿದವರ ಅನುಮೋದನೆಯೂ ಪುಣ್ಯವೇ. ತಪಸ್ಸನ್ನು ಕಂಡು ಸಂತೋಷಪಡುವುದು ಒಳ್ಳೆಯದೆಂದೇ ಶಾಸ್ತ್ರವೂ ಹೇಳುತ್ತದೆ. ಆದರೆ ಆ ಎಪ್ಪತ್ತರ ಲೆಕ್ಕ ತಪಸ್ವಿನಿಯ ಕೈಗೆ ಬಂದುದು ಮಾತ್ರ ಹೊಸದು. ಹೊಗಳಿಕೆ ಹಿಂದೆಯೂ ಇತ್ತು. ಬಾಗಿಲ ಹೊರಗೆ ನಡೆಯುತ್ತಿತ್ತು.

ಕ್ಷಮಾವಣಿಯ ಗತಿಯೂ ಹೀಗೆಯೇ ಆಗಿದೆ. ಹೂವಿನ ಚಿತ್ರದ ಮೇಲೆ ಬರೆದ ಕ್ಷಮಾಯಾಚನೆ ಎಲ್ಲಿಂದಲೋ ಬಂದುದು ಮುನ್ನೂರು ಜನಕ್ಕೆ ಹೋಗುತ್ತದೆ. ಗದ್ದೆಯ ಬದುವಿಗಾಗಿ ಆರು ವರ್ಷದಿಂದ ಮಾತು ಬಿಟ್ಟ ದಾಯಾದಿಗೂ ಅದರಲ್ಲೊಂದು ಪ್ರತಿ ಮುಟ್ಟಿರಬಹುದು. ಅವನು ಅದನ್ನು ಇನ್ನೂರು ಜನಕ್ಕೆ ಕಳುಹಿಸುತ್ತಾನೆ. ಇಬ್ಬರ ಮನೆಯ ನಡುವೆ ನಲವತ್ತು ಹೆಜ್ಜೆ.

ದಾರಿ ತೋರಿಸಿದವರೂ ಇಲ್ಲದಿಲ್ಲ. ಬೆಳಗಾವಿ ಜಿಲ್ಲೆಗೆ ತಾಗಿದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿನಲ್ಲಿ ಸಂಜೆ 7 ಗಂಟೆಗೆ ಸೈರನ್ ಕೂಗಿದೊಡನೆ ಒಂದೂವರೆ ಗಂಟೆ ಫೋನು, ಟಿ.ವಿ.ಗಳನ್ನು ಆರಿಸುವ ಕಟ್ಟುಪಾಡು 2022ರಲ್ಲಿ ಪತ್ರಿಕೆಗಳಲ್ಲಿ ಪ್ರಸಿದ್ಧವಾಯಿತು. ಅದೇ ವರ್ಷದ ಪರ್ಯೂಷಣದಲ್ಲಿ ಮಧ್ಯಪ್ರದೇಶದ ರಾಯಸೇನ ಜಿಲ್ಲೆಯ ಬೇಗಂಗಂಜಿನ ಜೈನ ಸಮಾಜದವರು 24 ಗಂಟೆಗಳ ಕಾಲ ಫೋನನ್ನು ತ್ಯಜಿಸಿದರು. ಇಂಥವನ್ನು ಹೊಸ ವ್ರತವೆಂದು ಕರೆಯುವವರಿದ್ದಾರೆ. ಹೊಸದೇನೂ ಅಲ್ಲ; ದೇಶಾವಕಾಶಿಕವೇ ಇದು, ಅದರ ಅತಿಚಾರಗಳನ್ನು ಅರಿತು ಮಾಡಿದ್ದು.

ಮನೆಯಲ್ಲಿ ಇದನ್ನು ಕೈಗೊಳ್ಳುವವರು ಸಂಕಲ್ಪದ ಮಾತನ್ನು ಸ್ಪಷ್ಟವಾಗಿ ಆಡಬೇಕು. ಅಷ್ಟಮಿಯ ಸೂರ್ಯೋದಯದಿಂದ ನವಮಿಯ ಸೂರ್ಯೋದಯದವರೆಗೆ ಈ ಮನೆ ಮತ್ತು ಬಸದಿಯ ಆಚೆಗೆ ತನ್ನ ಶರೀರವೂ ಇಲ್ಲ, ಧ್ವನಿಯೂ ಇಲ್ಲ, ರೂಪವೂ ಇಲ್ಲ ಎಂದು. ವಿನಾಯಿತಿ ಬೇಕಾದರೆ ಆಗಲೇ ಹೇಳಿಕೊಳ್ಳತಕ್ಕದ್ದು, ಫೋನು ಹೊಡೆದ ಮೇಲಲ್ಲ. ಊರಾಚೆ ಕಾಯಿಲೆಯ ತಾಯಿ ಇದ್ದರೆ ಅವಳ ಕರೆಯೊಂದನ್ನು ಎಲ್ಲೆಯೊಳಗೆ ಸೇರಿಸಿಕೊಳ್ಳಬಹುದು. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಗಳಿಗೆ ಹಿಂದಿನ ದಿನವೇ ತಿಳಿಸಿಬಿಡಬೇಕು, ಇಲ್ಲವಾದರೆ ಆಕೆ ಗಾಬರಿಪಟ್ಟ ಹಿಂಸೆ ವ್ರತಿಕನ ಲೆಕ್ಕಕ್ಕೆ ಬಂದೀತು. ಆ ಮೇಲೆ ಫೋನನ್ನು ಕಪಾಟಿನಲ್ಲಿಟ್ಟು, ಕೀಲಿಕೈಯನ್ನು ಮನೆಯ ಚಿಕ್ಕ ಹುಡುಗನ ಕೈಗೆ ಕೊಡುವುದು ಮೇಲು. ಹುಡುಗರು ಇಂಥ ವಿಷಯದಲ್ಲಿ ದೊಡ್ಡವರಿಗಿಂತ ನಿಷ್ಠುರರು. ಕಪಾಟಿನೊಳಗೆ ಅದು ಒಂದೆರಡು ಬಾರಿ ಸದ್ದು ಮಾಡುತ್ತದೆ. ಯಾರದಿರಬಹುದೆಂಬ ಪ್ರಶ್ನೆ ಮನಸ್ಸಿನಲ್ಲಿ ಏಳುತ್ತದೆ, ಸಾಮಾಯಿಕದ ಹೊತ್ತಿನಲ್ಲಂತೂ ಏಳದೆ ಇರುವುದಿಲ್ಲ.